ಕಫದಲ್ಲಿ ಕಂಡದ್ದು ಕ್ಷಯದ ರೋಗಾಣು ಅಲ್ಲದಿದ್ದರೆ?

ಕಫದ ವರದಿಯಲ್ಲಿ 'ಎಎಫ್‌ಬಿ ಪಾಸಿಟಿವ್' ಎಂದಿದ್ದರೆ ನಮ್ಮ ದೇಶದಲ್ಲಿ ಬಹುತೇಕ ಅದು ಕ್ಷಯವೇ. ಆದರೆ ಯಾವಾಗಲೂ ಅಲ್ಲ. ಮೈಕೋಬ್ಯಾಕ್ಟೀರಿಯಾ ಗುಂಪಿನಲ್ಲಿ 190ಕ್ಕೂ ಹೆಚ್ಚು ಪ್ರಭೇದಗಳಿವೆ. ಕ್ಷಯ ಮತ್ತು ಕುಷ್ಠ ತರುವವನ್ನು ಬಿಟ್ಟು ಉಳಿದವನ್ನು ಎನ್‌ಟಿಎಂ ಎನ್ನುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಇವು ಕ್ಷಯದ ರೋಗಾಣುವಿನಂತೆಯೇ ಕಾಣುತ್ತವೆ.

ಇವು ಮಣ್ಣಿನಲ್ಲಿ, ನಲ್ಲಿ ನೀರಿನಲ್ಲಿ ಇರುತ್ತವೆ. ಹೆಚ್ಚಿನವರಿಗೆ ತೊಂದರೆ ಕೊಡುವುದಿಲ್ಲ. ಎಚ್‌ಐವಿ ಇರುವವರು, ಕಿಡ್ನಿ ಕಸಿ ಆದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಬಹಳ ಕಾಲ ಸ್ಟೀರಾಯ್ಡ್ ನುಂಗುವವರಿಗೆ ಅಪಾಯ ಹೆಚ್ಚು. ಹಳೆಯ ಕ್ಷಯದಿಂದ ಶ್ವಾಸಕೋಶ ಹಾಳಾದವರಿಗೂ ಬರುತ್ತದೆ. ಎಚ್‌ಐವಿಯಲ್ಲಿ ಸಿಡಿ4 ಎಣಿಕೆ 50ಕ್ಕಿಂತ ಕೆಳಗಿಳಿದರೆ ಸೋಂಕು ಶ್ವಾಸಕೋಶವನ್ನು ದಾಟಿ ಮೈಯೆಲ್ಲ ಹರಡಬಹುದು: ಬಿಡದ ಜ್ವರ, ರಾತ್ರಿ ಬೆವರು, ಭೇದಿ, ತೂಕ ಇಳಿಕೆ.

ಯಾವಾಗ ಅನುಮಾನಿಸಬೇಕು?

ಸ್ಮಿಯರ್ ಪಾಸಿಟಿವ್ ಬಂದು, ಸಿಬಿನಾಟ್ ವರದಿಯಲ್ಲಿ ಕ್ಷಯದ ರೋಗಾಣು ಪತ್ತೆಯಾಗಿಲ್ಲ ಎಂದಿದ್ದರೆ ಅದು ದೊಡ್ಡ ಸುಳಿವು. ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಿಯೂ ಕೆಮ್ಮು ಕಡಿಮೆಯಾಗದವರನ್ನು 'ಔಷಧ ನಿರೋಧಕ ಕ್ಷಯ' ಎಂದು ತಪ್ಪು ತಿಳಿದು ಇನ್ನಷ್ಟು ಬಲವಾದ ಔಷಧಿ ಕೊಟ್ಟ ಉದಾಹರಣೆಗಳಿವೆ. ಆದ್ದರಿಂದ ಕಲ್ಚರ್ ಮಾಡಿಸಿ, ಪ್ರಭೇದದ ಹೆಸರನ್ನು ಬರೆಸಿಕೊಳ್ಳಿ. ನೀರಿನಿಂದಲೂ ಮಾದರಿಗೆ ಈ ರೋಗಾಣು ಸೇರಬಹುದು. ಹಾಗಾಗಿ ಬೇರೆ ಬೇರೆ ಸಲ ಕೊಟ್ಟ ಕನಿಷ್ಠ ಎರಡು ಕಫದ ಮಾದರಿಗಳಲ್ಲಿ, ಇಲ್ಲವೇ ಬ್ರಾಂಕೋಸ್ಕೋಪಿಯ ಒಂದು ಮಾದರಿಯಲ್ಲಿ ಅದು ಬೆಳೆಯಬೇಕು. ಲಕ್ಷಣ ಮತ್ತು ಸಿಟಿ ಸ್ಕ್ಯಾನ್ ಕೂಡ ಹೊಂದಬೇಕು.

ಚಿಕಿತ್ಸೆ ಪ್ರಭೇದದ ಮೇಲೆ ನಿಂತಿದೆ. ಏವಿಯಂ ಗುಂಪಿಗೆ ಸಾಮಾನ್ಯವಾಗಿ ಅಜಿಥ್ರೋಮೈಸಿನ್, ರಿಫಾಂಪಿಸಿನ್, ಎಥಾಂಬುಟಾಲ್ ಮೂರನ್ನೂ ಕೊಡುತ್ತಾರೆ. ಕಫದ ಕಲ್ಚರ್ ನೆಗೆಟಿವ್ ಆದ ಮೇಲೂ 12 ತಿಂಗಳು ಮುಂದುವರಿಸಬೇಕು. ಆಬ್ಸೆಸಸ್ ಪ್ರಭೇದಕ್ಕೆ ಕ್ಷಯದ ಮಾಮೂಲಿ ಔಷಧಿಗಳು ನಾಟುವುದೇ ಇಲ್ಲ. ಅಂಗಡಿಯಿಂದ ಅಜಿಥ್ರೋಮೈಸಿನ್ ಒಂದನ್ನೇ ತಂದು ನುಂಗಬೇಡಿ. ಮುಂದೆ ಆ ಔಷಧಿಯೇ ಕೆಲಸ ಮಾಡದಂತಾಗಬಹುದು.

ಕಸಿ ಆದವರು ಮತ್ತು ಎಚ್‌ಐವಿ ಔಷಧಿ ಪಡೆಯುವವರು ಒಂದು ಮಾತು ಮರೆಯಬಾರದು. ರಿಫಾಂಪಿಸಿನ್‌ನಿಂದ ರಕ್ತದಲ್ಲಿ ಟ್ಯಾಕ್ರೋಲಿಮಸ್, ಡೊಲುಟೆಗ್ರಾವಿರ್ ಪ್ರಮಾಣ ಇಳಿಯುತ್ತದೆ. ಇಬ್ಬರು ವೈದ್ಯರಿದ್ದರೆ ಇಬ್ಬರಿಗೂ ಎಲ್ಲ ಮಾತ್ರೆಗಳನ್ನು ತೋರಿಸಿ.

ಪುಣೆಯಲ್ಲಿ ದುಡಿಯುವ ವಿಜಯಪುರ, ಕಲಬುರಗಿ ಕಡೆಯ ಕುಟುಂಬಗಳಿಗೆ ಇನ್ನೊಂದು ತೊಡಕಿದೆ. ಸಸೂನ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಶುರುವಾಗಿ, ಸುಗ್ಗಿಗೋ ಹಬ್ಬಕ್ಕೋ ಊರಿಗೆ ಹೋದಾಗ ಅಲ್ಲಿನ ವೈದ್ಯರಿಗೆ 'ಟಿಬಿ ಗುಳಿಗಿ' ಎಂದಷ್ಟೇ ಹೇಳಿದರೆ ತಪ್ಪು ಔಷಧಿ ಸಿಗಬಹುದು. ಕಲ್ಚರ್ ವರದಿಯ ಪ್ರತಿ ಕೈಯಲ್ಲಿರಲಿ.

ಎನ್‌ಟಿಎಂ ಸಾಮಾನ್ಯವಾಗಿ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಕ್ಷಯ ಅಲ್ಲವೆಂದು ಖಚಿತವಾಗುವವರೆಗೆ ಮಾಸ್ಕ್ ಬೇಕು. ಆಮೇಲೆ ತಟ್ಟೆ, ಹಾಸಿಗೆ ಬೇರೆ ಮಾಡುವ ಅಗತ್ಯವಿಲ್ಲ. ಎಥಾಂಬುಟಾಲ್ ನುಂಗುವಾಗ ಕಣ್ಣು ಮಂಜಾದರೆ, ಕೆಂಪು-ಹಸಿರು ಗುರುತು ಸಿಗದಿದ್ದರೆ ಅದೇ ದಿನ ವೈದ್ಯರನ್ನು ಕಾಣಿ.