ಅಕ್ಕ ಹೋಗಿ ಅಕ್‌ಕ ಆದ ಕಥೆ

ದಿಲ್ಲಿಯಲ್ಲಿ ನಾಲ್ಕು ಜನ ಕನ್ನಡ ಓದುಗರು ಸೇರಿದರೆ ಮೊದಲೆಲ್ಲ "ಊರಿಂದ ಯಾವ ಪುಸ್ತಕ ತಂದ್ರಿ?" ಅಂತ ಮಾತು ಶುರುವಾಗುತ್ತಿತ್ತು. ಈಗ "ಯಾವುದರಲ್ಲಿ ಓದ್ತೀರಿ? ಫೋನಲ್ಲೋ, ಇ-ರೀಡರಲ್ಲೋ?" ಅಂತ ಶುರುವಾಗುತ್ತದೆ. ಆರ್.ಕೆ. ಪುರಂನ ಕರ್ನಾಟಕ ಸಂಘದಲ್ಲಿ ಕಾರ್ಯಕ್ರಮ ಮುಗಿದು ಕಾಫಿ ಲೋಟ ಹಿಡಿದು ನಿಂತಾಗ ಈ ಚರ್ಚೆ ಬಂದೇ ಬರುತ್ತದೆ. ಒಬ್ಬರಿಗೆ ಕಾಗದದ ವಾಸನೆ ಇಲ್ಲದಿದ್ದರೆ ಓದಿದ ಹಾಗೇ ಆಗುವುದಿಲ್ಲ. ಇನ್ನೊಬ್ಬರು, "ನಂಗೆ ವಾಸನೆ ಬೇಡಪ್ಪ, ಅಕ್ಷರ ದೊಡ್ಡದಾದ್ರೆ ಸಾಕು" ಅನ್ನುತ್ತಾರೆ. ಅವರಿಗೆ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ. ಕೊನೆಗೆ ಯಾರಾದರೊಬ್ಬರು ಕೇಳುತ್ತಾರೆ: "ಇಂಗ್ಲಿಷ್ ಬಿಡಿ, ಹಿಂದಿ, ತಮಿಳು ಪುಸ್ತಕವೂ ಸಲೀಸಾಗಿ ಸಿಗುತ್ತೆ. ನಮ್ಮ ಕನ್ನಡಕ್ಕೆ ಮಾತ್ರ ಯಾಕೆ ಇಷ್ಟು ಒದ್ದಾಟ?"

ಈ ಪ್ರಶ್ನೆಗೆ ನಿಂತ ಕಾಲಲ್ಲಿ ಉತ್ತರ ಹೇಳಲಾಗುವುದಿಲ್ಲ. ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ದಿಲ್ಲಿಗೆ ಬಂದದ್ದು 1986ರಲ್ಲಿ. ಆಗ ಕನ್ನಡ ಪುಸ್ತಕ ಅಂದರೆ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆದು ಬರುವ ವಸ್ತು. ಚೀಲದಲ್ಲಿ ಮೊದಲ ಜಾಗ ಉಪ್ಪಿನಕಾಯಿ, ಕಾಫಿಪುಡಿ, ಸಾರಿನಪುಡಿಗೆ. ಉಳಿದ ಜಾಗದಲ್ಲಿ ಪುಸ್ತಕ! ಮಂಡಿ ಹೌಸ್ ಹತ್ತಿರ ಸಾಹಿತ್ಯ ಅಕಾಡೆಮಿಯ ಗ್ರಂಥಾಲಯದಲ್ಲಿ ಕನ್ನಡದ ಕಪಾಟು ಇತ್ತು, ಈಗಲೂ ಇದೆ. ಅದು ಬಿಟ್ಟರೆ ಸುಧಾ, ತರಂಗ, ಮಯೂರದ ಹಳೇ ಸಂಚಿಕೆಗಳು ಮನೆಯಿಂದ ಮನೆಗೆ ತಿರುಗುತ್ತಿದ್ದವು. ಮೂಲ ಮಾಲೀಕರ ಹತ್ತಿರ ವಾಪಸ್ ಬರುವ ಹೊತ್ತಿಗೆ ರಕ್ಷಾಪುಟ ಇರುತ್ತಿರಲಿಲ್ಲ. ಇಂಥ ನಮಗೆ ಅಂಗೈಯಗಲದ ಯಂತ್ರದಲ್ಲಿ ಸಾವಿರ ಪುಸ್ತಕ ಅಂದರೆ ಆಸೆ ಹುಟ್ಟದೇ ಇರುತ್ತದೆಯೇ?

ಇ-ಪುಸ್ತಕದ ಕಲ್ಪನೆ ಹಳೆಯದೇ. 1971ರ ಜುಲೈ 4ರಂದು ಅಮೆರಿಕದ ಮೈಕೆಲ್ ಹಾರ್ಟ್ ತಮ್ಮ ದೇಶದ ಸ್ವಾತಂತ್ರ್ಯ ಘೋಷಣೆಯನ್ನು ಗಣಕಕ್ಕೆ ಟೈಪ್ ಮಾಡಿದ್ದರಿಂದ ಪ್ರಾಜೆಕ್ಟ್ ಗುಟೆನ್‌ಬರ್ಗ್ ಶುರುವಾಯಿತು. ಓದುವ ಯಂತ್ರ ಬರಲು ಮಾತ್ರ ಬಹಳ ಕಾಲ ಹಿಡಿಯಿತು. ಎಂ.ಐ.ಟಿ.ಯ ಸಂಶೋಧನೆಯಿಂದ ಹುಟ್ಟಿದ ಇ-ಇಂಕ್ ಕಂಪನಿ ಸ್ಥಾಪನೆಯಾದದ್ದು 1997ರಲ್ಲಿ. ಆ ಪರದೆಯೊಳಗೆ ಕೂದಲೆಳೆಯಷ್ಟು ಸಣ್ಣ ಗುಳಿಗೆಗಳು, ಅವುಗಳಲ್ಲಿ ಕಪ್ಪು ಮತ್ತು ಬಿಳಿ ಕಣಗಳು. ವಿದ್ಯುತ್ ಕೊಟ್ಟಾಗ ಯಾವ ಬಣ್ಣ ಮೇಲೆ ಬರುತ್ತದೋ ಅದು ಅಕ್ಷರವಾಗಿ ಕಾಣುತ್ತದೆ. ಪುಟ ತಿರುಗಿಸಿದಾಗ ಮಾತ್ರ ಕರೆಂಟು ಬೇಕು. ಬಿಸಿಲಿನಲ್ಲಿ ಕಾಗದದಷ್ಟೇ ಚೆನ್ನಾಗಿ ಕಾಣುತ್ತದೆ. ಜನವರಿಯ ಚಳಿಯಲ್ಲಿ ಟೆರೇಸಿನ ಬಿಸಿಲು ಕಾಯಿಸುತ್ತ ಓದುವ ನಮ್ಮಂಥ ದಿಲ್ಲಿಯವರಿಗೆ ಹೇಳಿ ಮಾಡಿಸಿದ್ದು! 2004ರಲ್ಲಿ ಸೋನಿ ಕಂಪನಿ ಜಪಾನಿನಲ್ಲಿ ಇಂಥ ಪರದೆಯ ಲಿಬ್ರಿಯೆ ಎಂಬ ಯಂತ್ರ ತಂದಿತು. 2007ರ ನವೆಂಬರ್ 19ರಂದು ಅಮೆಜಾನಿನ ಕಿಂಡಲ್ ಬಂತು, ಬೆಲೆ 399 ಡಾಲರ್.

ಕೆಲವು ವರ್ಷಗಳ ಮೇಲೆ ನನಗೂ ಒಂದು ಇ-ರೀಡರು ಸಿಕ್ಕಿತು, ಬಂಧುಗಳೊಬ್ಬರು ಅಮೆರಿಕದಿಂದ ತಂದುಕೊಟ್ಟರು. ಯಾವ ಕಂಪನಿಯದು ಅನ್ನುವುದು ಇಲ್ಲಿ ಮುಖ್ಯವಲ್ಲ. ಇಂಗ್ಲಿಷ್ ಕಾದಂಬರಿ ಚೆಂದವಾಗಿ ಓದಿಸಿಕೊಂಡಿತು. ಆಮೇಲೆ ಒಂದು ಕನ್ನಡ ಕಡತ ಹಾಕಿ ನೋಡಿದೆ. 'ಅಕ್ಕ' ಅಂತ ಇರಬೇಕಾದಲ್ಲಿ 'ಅಕ್‌ಕ' ಅಂತ ಬಂತು! 'ಅಮ್ಮ' ಹೋಗಿ 'ಅಮ್‌ಮ' ಆಗಿದ್ದಳು. ಗೆಳೆಯರೊಬ್ಬರ ಯಂತ್ರದಲ್ಲಿ ಅದೂ ಇಲ್ಲ, ಪುಟದ ತುಂಬ ಬರೀ ಖಾಲಿ ಚೌಕಗಳು.

ಇದರ ಗುಟ್ಟು ನಮ್ಮ ಒತ್ತಕ್ಷರದಲ್ಲಿದೆ. ಇಂಗ್ಲಿಷ್ ಅಕ್ಷರಗಳು ರೈಲು ಬೋಗಿಗಳ ಹಾಗೆ ಒಂದರ ಹಿಂದೆ ಒಂದು ನಿಲ್ಲುತ್ತವೆ. ನಮ್ಮವು ಕೆಳಗೆ ಜೋತು ಬೀಳುತ್ತವೆ, ತಲೆ ಕಳಚಿ ಗುಣಿಸು ಹಾಕಿಕೊಳ್ಳುತ್ತವೆ. ಅಚ್ಚುಮೊಳೆಯ ಕಾಲದಲ್ಲೂ ಇದು ತಲೆನೋವೇ. 1843ರಲ್ಲಿ ಮಂಗಳೂರಿನಲ್ಲಿ ಮೊಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದಾಗ ಅದು ಕಲ್ಲಚ್ಚಿನಲ್ಲಿ ಬಂತು. ಕಲ್ಲಚ್ಚಿನಲ್ಲಿ ಕೈಬರಹವೇ ಪಡಿಮೂಡುವುದರಿಂದ ಒತ್ತಕ್ಷರದ ರಗಳೆ ಇರಲಿಲ್ಲ. ಮೊಳೆಗೆ ಬಂದಾಗ ಪ್ರತಿ ಒತ್ತಿಗೂ ಗುಣಿತಕ್ಕೂ ಬೇರೆ ಬೇರೆ ಮೊಳೆ ಎರಕ ಹೊಯ್ಯಬೇಕಾಯಿತು.

ಗಣಕದ ಕಾಲಕ್ಕೆ ಬಂದರೆ 1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಅದರಲ್ಲಿ ಪ್ರತಿ ಅಕ್ಷರಕ್ಕೂ ಜಗತ್ತಿಗೆಲ್ಲ ಒಂದೇ ಸಂಖ್ಯೆ. ನಮ್ಮ 'ಕ'ಗೆ 3221. 'ಕ್ಕ' ಅಂದರೆ ಕ, ವಿರಾಮ ಚಿಹ್ನೆ, ಮತ್ತೆ ಕ, ಇಷ್ಟೇ ಕಡತದಲ್ಲಿ ಇರುವುದು. ಎರಡನೆಯ 'ಕ'ವನ್ನು ಒತ್ತಾಗಿ ಕೆಳಗೆ ಇಳಿಸುವ ಕೆಲಸ ಯಂತ್ರದೊಳಗಿನ ತಂತ್ರಾಂಶದ್ದು ಮತ್ತು ಫಾಂಟಿನದ್ದು. ಆ ತಂತ್ರಾಂಶ ಇಲ್ಲದಿದ್ದರೆ ಅಕ್ಕ ಹೋಗಿ ಅಕ್‌ಕ. ಫಾಂಟೇ ಇಲ್ಲದಿದ್ದರೆ ಚೌಕ.

1991ರಲ್ಲೇ ಜಾಗ ಸಿಕ್ಕಿದ್ದರೂ ಸಾಮಾನ್ಯ ಗಣಕಗಳಿಗೆ ಅದು ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನ ಜೊತೆ. ನಡುವಿನ ಹತ್ತು ವರ್ಷ ಕನ್ನಡಿಗರು ಸುಮ್ಮನೆ ಕೂರಲಿಲ್ಲ. ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ನಮ್ಮ ಕೆ.ಪಿ. ರಾಯರು, ಇಂಗ್ಲಿಷ್ ಕೀಲಿಮಣೆಯಲ್ಲೇ ಉಚ್ಚಾರಕ್ಕೆ ತಕ್ಕಂತೆ ಕನ್ನಡ ಬೆರಳಚ್ಚಿಸುವ ವಿನ್ಯಾಸ ಮಾಡಿ, ಆ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ 'ಸೇಡಿಯಾಪು' ಅಂತಲೇ ಹೆಸರಿಟ್ಟರು. 1996ರಲ್ಲಿ ಯು.ಬಿ. ಪವನಜರ 'ವಿಶ್ವಕನ್ನಡ' ಅಂತರ್ಜಾಲಕ್ಕೆ ಬಂತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಪರವೂರಲ್ಲಿರುವ ನಮ್ಮಂಥವರಿಗೆ ಇವು ಎಷ್ಟು ದೊಡ್ಡ ಉಪಕಾರ ಅಂತ ಈಗಿನ ಹುಡುಗರಿಗೆ ಹೇಳಿದರೆ ಅರ್ಥವಾಗುವುದು ಕಷ್ಟ. ಊರಿನ ಸ್ನೇಹಿತನಿಗೆ ಕನ್ನಡದಲ್ಲೇ ಮಿಂಚಂಚೆ ಬರೆದ ಮೊದಲ ದಿನದ ಖುಷಿ ನನಗೆ ಇನ್ನೂ ನೆನಪಿದೆ.

ಆದರೆ ಆ ಕಾಲದ ಫಾಂಟುಗಳಲ್ಲಿ ಒಂದು ಉಪಾಯ ಅಡಗಿತ್ತು. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿದ್ದರು, ತಲೆಕಟ್ಟು ಒಂದು ಕಡೆ, ಒತ್ತು ಇನ್ನೊಂದು ಕಡೆ. ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಮೇಲೆ ಕೆಳಗೆ ಚುಕ್ಕಿ ಗೀಟು ಹಾಕಿದ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ! ಮುದ್ರಣಾಲಯಗಳೂ ಹೀಗೇ ಪೇಜ್‌ಮೇಕರಿನಲ್ಲಿ ಪುಸ್ತಕ ಕಟ್ಟಿದವು, ಏಕೆಂದರೆ ಪೇಜ್‌ಮೇಕರಿಗೆ ಯುನಿಕೋಡ್ ಕನ್ನಡ ಗೊತ್ತಿರಲಿಲ್ಲ. ಕಾಗದದ ಮೇಲೆ ಅಚ್ಚಾಗಿ ಬಂದರೆ ಸಾಕು, ಕಡತದೊಳಗೆ ಏನಿದ್ದರೇನು ಅನ್ನುವ ಕಾಲ ಅದು. ಇ-ಪುಸ್ತಕ ಮಾಡಹೊರಟಾಗ ಅದೇ ಕಡತ ತೊಡರುಗಾಲು ಹಾಕಿತು. ಯುನಿಕೋಡಿಗೆ ಪರಿವರ್ತಿಸಬೇಕು. ಉದಾಹರಣೆಗೆ 'ಧರ್ಮ' ನೋಡಿ: ಹಳೇ ಕಡತದಲ್ಲಿ ಧ, ಮ, ಆಮೇಲೆ ಅರ್ಕಾವತ್ತು, ಯುನಿಕೋಡಿನಲ್ಲಿ 'ರ್' ಮೊದಲು, 'ಮ' ಆಮೇಲೆ. ಪರಿವರ್ತಕ ಇಂಥದ್ದನ್ನೆಲ್ಲ ಹಿಂದೆ ಮುಂದೆ ಮಾಡಬೇಕು, ಆಮೇಲೆ ಮನುಷ್ಯರು ಕೂತು ಕರಡು ತಿದ್ದಬೇಕು.

ಇದು ಬರೀ ಪ್ರಕಾಶಕರ ಕಷ್ಟವಲ್ಲ. ಮಯೂರ್ ವಿಹಾರಿನಲ್ಲಿದ್ದ ನಮ್ಮ ಬಳಗದ ಹಿರಿಯರೊಬ್ಬರು 2001ರ ಸುಮಾರಿಗೆ ತಮ್ಮ ಬಾಲ್ಯದ ನೆನಪುಗಳನ್ನು ಗಣಕದಲ್ಲಿ ಬರೆದಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ಮಗ ಸಿ.ಡಿ. ತೆರೆದರೆ ಒಂದಕ್ಷರವೂ ಕನ್ನಡವಿಲ್ಲ. ಕಡತ ಕೆಟ್ಟಿದೆ ಅಂದುಕೊಂಡು ಬಿಸಾಡುವುದರಲ್ಲಿದ್ದ. ನಾವು ನಾಲ್ಕು ಜನ ಎರಡು ಭಾನುವಾರ ಕೂತು, ಯಾವ ಫಾಂಟೆಂದು ಪತ್ತೆ ಹಚ್ಚಿ, ಪರಿವರ್ತಿಸಿ, ತಿದ್ದಿ ಕೊಟ್ಟೆವು. ಎಂಬತ್ತು ಪುಟ. ಮಗನಿಗೆ ಕನ್ನಡ ಓದಲು ಸರಾಗವಾಗಿ ಬರುವುದಿಲ್ಲ. ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು, ಕೂಡಿಸಿ ಕೂಡಿಸಿ, ಅಪ್ಪನ ಪುಸ್ತಕ ಮುಗಿಸಿದ.

ಇನ್ನೊಂದು ದಾರಿ ಸ್ಕ್ಯಾನಿಂಗ್. 2000ದ ದಶಕದಲ್ಲಿ ಕಾರ್ನೆಗಿ ಮೆಲನ್‌ನ ರಾಜ್ ರೆಡ್ಡಿ ಅವರ ಹತ್ತು ಲಕ್ಷ ಪುಸ್ತಕಗಳ ಯೋಜನೆಯ ಜೊತೆಗೂಡಿ, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಮುಂದೆ ನಿಂತು ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಕಟ್ಟಿತು. ಅಲ್ಲಿ ಕನ್ನಡದ ಸಾವಿರಾರು ಹಳೇ ಪುಸ್ತಕಗಳಿದ್ದವು. ಆದರೆ ಹೆಸರುಗಳೆಲ್ಲ ತಪ್ಪುತಪ್ಪಾದ ಇಂಗ್ಲಿಷಿನಲ್ಲಿ, ಪುಟಗಳು ಒಂದೊಂದೇ ಚಿತ್ರ! ಓಂಶಿವಪ್ರಕಾಶ್ ಮತ್ತು ಗೆಳೆಯರ 'ಸಂಚಯ' ತಂಡ ಆ ಹೆಸರುಗಳನ್ನು ಜನರ ಕೈಯಲ್ಲೇ ಕನ್ನಡಕ್ಕೆ ತರಿಸಿ 'ಪುಸ್ತಕ ಸಂಚಯ' ಮಾಡಿತು. ಮೂಲ ತಾಣ ನಿಂತುಹೋದರೂ ಪುಸ್ತಕಗಳು ಇಂಟರ್ನೆಟ್ ಆರ್ಕೈವಿನಲ್ಲಿ ಉಳಿದವು. ಆದರೂ ಸ್ಕ್ಯಾನ್ ಮಾಡಿದ ಪುಟ ಒಂದು ಫೋಟೋ ಅಷ್ಟೇ. ಆರಿಂಚಿನ ಇ-ರೀಡರಿನಲ್ಲಿ ಅದು ಇರುವೆ ಸಾಲು. ಅಕ್ಷರ ಹಿಗ್ಗಿಸಿದರೆ ಸಾಲು ಪರದೆಯ ಆಚೆ ಹೋಗುತ್ತದೆ. ಪದ ಹುಡುಕಲಾಗದು. ಫೋಟೋವನ್ನು ಅಕ್ಷರವಾಗಿಸುವ ಓ.ಸಿ.ಆರ್. ಕನ್ನಡಕ್ಕೆ ತಡವಾಗಿ ಬಂತು. ಟಾಟಾ ಇನ್‌ಸ್ಟಿಟ್ಯೂಟಿನ ಎ.ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಅಂಧ ಓದುಗರಿಗೆ ಗಣಕ ಕನ್ನಡ ಪುಸ್ತಕ ಓದಿ ಹೇಳಬೇಕಾದರೆ ಅಕ್ಷರ ಅಕ್ಷರವಾಗಿಯೇ ಇರಬೇಕಲ್ಲವೇ?

ಇನ್ನು ಮಾರುಕಟ್ಟೆ. 2010ರಲ್ಲಿ ಇನ್ಫಿಬೀಮ್ ಕಂಪನಿ 'ಪೈ' ಎಂಬ ಇ-ರೀಡರನ್ನು 9,999 ರೂಪಾಯಿಗೆ ತಂದಿತು, ಹೆಚ್ಚು ಕಾಲ ಓಡಲಿಲ್ಲ. 2012ರಲ್ಲಿ ಕಿಂಡಲ್ ಅಂಗಡಿ ಭಾರತಕ್ಕೆ ಬಂತು. 2013ರ ಸುಮಾರಿಗೆ ನ್ಯೂಸ್‌ಹಂಟ್ ಫೋನಿನಲ್ಲಿ ಭಾರತೀಯ ಭಾಷೆಗಳ ಇ-ಪುಸ್ತಕ ಮಾರಿತು. 2016ರ ಡಿಸೆಂಬರಿನಲ್ಲಿ ಕಿಂಡಲ್‌ಗೆ ಐದು ಭಾರತೀಯ ಭಾಷೆಗಳು ಬಂದವು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ ಇರಲಿಲ್ಲ. ಆ ವಾರ ನಮ್ಮ ಕಾಫಿ ಚರ್ಚೆ ಬಿಸಿಯಾಗಿತ್ತು ನೋಡಿ! "ನಾವು ಕೊಂಡು ಓದೋದಿಲ್ಲ, ಅದಕ್ಕೇ" ಅಂದರು ಒಬ್ಬರು. "ಇಟ್ಟರೆ ತಾನೇ ಕೊಳ್ಳೋದು?" ಅಂದರು ಇನ್ನೊಬ್ಬರು. ಇಬ್ಬರದೂ ಸರಿಯೇ. ನಮ್ಮ ಪ್ರಕಾಶಕರ ಹಳೇ ಫಾಂಟಿನ ಕಡತಗಳ ರಾಶಿಯನ್ನೂ ಇದಕ್ಕೆ ಸೇರಿಸಬೇಕು ಅಂತ ನನ್ನ ಅನಿಸಿಕೆ.

ಆಮೇಲೆ ದಾರಿ ತೆರೆದದ್ದು ಇ-ರೀಡರಿನಲ್ಲಲ್ಲ, ಫೋನಿನಲ್ಲಿ. ಗೂಗಲ್ ಪ್ಲೇ ಅಂಗಡಿಯಲ್ಲಿ ಕನ್ನಡ ಪುಸ್ತಕಗಳು ಬಂದವು. 2020ರಲ್ಲಿ ಕನ್ನಡದವರೇ ಕಟ್ಟಿದ 'ಮೈಲ್ಯಾಂಗ್' ಬಂತು, ಇ-ಪುಸ್ತಕ, ಕೇಳುಪುಸ್ತಕ ಎರಡೂ. ಅದೇ ವರ್ಷ ಮಾರ್ಚ್ 25ರಿಂದ ಲಾಕ್‌ಡೌನ್. ರೈಲಿಲ್ಲ, ಪಾರ್ಸೆಲ್ ಇಲ್ಲ. ನೋಯಿಡಾದಲ್ಲಿ ಒಬ್ಬರು, ದ್ವಾರಕಾದಲ್ಲಿ ಒಬ್ಬರು, ಗುರುಗ್ರಾಮದಲ್ಲಿ ಒಬ್ಬರು ಒಂದೇ ಕಾದಂಬರಿ ಇಳಿಸಿಕೊಂಡು, ದಿನಕ್ಕೆ ಎರಡು ಅಧ್ಯಾಯ ಓದಿ, ರಾತ್ರಿ ಫೋನಿನಲ್ಲಿ ಮಾತಾಡುತ್ತಿದ್ದೆವು. ಒಂದು ಪ್ರತಿಗಾಗಿ ಆರು ಜನ ಕಾಯುತ್ತಿದ್ದ ನಾವು ಆರೂ ಜನ ಒಂದೇ ದಿನ ಒಂದೇ ಪುಟದಲ್ಲಿದ್ದದ್ದು ಅದೇ ಮೊದಲು.

ಹಾಗಂತ ಎಲ್ಲ ಸುಖವಾಯಿತು ಅನ್ನಬೇಡಿ. 2009ರ ಜುಲೈನಲ್ಲಿ ಹಕ್ಕಿನ ತಕರಾರು ಬಂದಾಗ ಅಮೆಜಾನ್ ಕಂಪನಿ ಜನ ಕೊಂಡಿದ್ದ ಜಾರ್ಜ್ ಆರ್ವೆಲ್ ಪುಸ್ತಕಗಳನ್ನು ಅವರ ಕಿಂಡಲ್‌ನಿಂದಲೇ ಅಳಿಸಿ ಹಣ ವಾಪಸ್ ಕೊಟ್ಟಿತು. 2015ರ ಕೊನೆಯಲ್ಲಿ ಫ್ಲಿಪ್‌ಕಾರ್ಟ್ ಇ-ಪುಸ್ತಕ ವ್ಯಾಪಾರ ಬಿಟ್ಟಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಪುಸ್ತಕದ ಅಂಗಡಿ ಮುಚ್ಚಿದಾಗ ಕೊಂಡ ಪುಸ್ತಕಗಳೂ ಮಾಯವಾದವು. ಕಪಾಟಿನ ಪುಸ್ತಕವನ್ನು ಹಾಗೆ ಯಾರೂ ಬಂದು ಒಯ್ಯಲಾರರು, ಗೆದ್ದಲೊಂದನ್ನು ಬಿಟ್ಟು :-)

ಅದಕ್ಕೇ ನನ್ನ ಮನಸ್ಸು ಈಗ ಮುಕ್ತ ಪಠ್ಯದ ಕಡೆ ವಾಲಿದೆ. ನಮ್ಮ ಕಾಪಿರೈಟ್ ಕಾಯ್ದೆ ಪ್ರಕಾರ ಲೇಖಕರು ತೀರಿಕೊಂಡ ವರ್ಷದ ಕೊನೆಯಿಂದ 60 ವರ್ಷ ಕಳೆದರೆ ಅವರು ಬದುಕಿದ್ದಾಗ ಪ್ರಕಟವಾದ ಪುಸ್ತಕ ಎಲ್ಲರ ಸ್ವತ್ತು. ಮುದ್ದಣ, ಗುಲ್ವಾಡಿ ವೆಂಕಟರಾಯರು, ಗಳಗನಾಥರು, ಪಂಜೆ ಮಂಗೇಶರಾಯರು, ಕೈಲಾಸಂ, ಬಿ.ಎಂ.ಶ್ರೀ ಎಲ್ಲರೂ ಇದರಲ್ಲಿ ಬರುತ್ತಾರೆ. 1963ರಲ್ಲಿ ತೀರಿಕೊಂಡ ಗೋವಿಂದ ಪೈಗಳೂ ತ್ರಿವೇಣಿಯವರೂ 2024ರ ಜನವರಿಯಿಂದ ಸೇರಿಕೊಂಡಿದ್ದಾರೆ. ಇವುಗಳನ್ನು ಯಾರು ಬೇಕಾದರೂ ಯುನಿಕೋಡಿನಲ್ಲಿ ಟೈಪ್ ಮಾಡಿ ಕನ್ನಡ ವಿಕಿಸೋರ್ಸಿಗೆ ಸೇರಿಸಬಹುದು. ಅಕ್ಷರ ಅಕ್ಷರವಾಗಿದ್ದರೆ ಏನಾಗುತ್ತದೆ ಅನ್ನುವುದಕ್ಕೆ 'ವಚನ ಸಂಚಯ' ನೋಡಿ. ಒಂದು ಪದ ಕೊಟ್ಟರೆ ಯಾವ ಶರಣರು ಯಾವ ವಚನದಲ್ಲಿ ಬಳಸಿದ್ದಾರೆ ಅಂತ ಕ್ಷಣದಲ್ಲಿ ತೋರಿಸುತ್ತದೆ. ವಿ. ಕೃಷ್ಣ ಅವರು ನಾಲ್ಕು ದಶಕ ಕೂತು ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು 'ಅಲರ್' 2019ರಲ್ಲಿ ಒಂದೂವರೆ ಲಕ್ಷ ಪದಗಳೊಂದಿಗೆ ಎಲ್ಲರಿಗೂ ಉಚಿತವಾಗಿ ಸಿಕ್ಕಿತು. ದಿಲ್ಲಿಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಕನ್ನಡ ಕಥೆ ಓದುವಾಗ ತಡವರಿಸಿದ ಪದವನ್ನು ಅಲ್ಲೇ ನೋಡಿಕೊಳ್ಳುತ್ತಾರೆ.

ಹೊಸ ಪುಸ್ತಕವನ್ನು ದುಡ್ಡು ಕೊಟ್ಟು ಕೊಳ್ಳೋಣ, ಲೇಖಕರೂ ಬದುಕಬೇಕು. ಅದರ ಜೊತೆಗೆ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ ಅಪ್ಪನೋ ಅತ್ತೆಯೋ ಗಣಕದಲ್ಲಿ ಬರೆದಿಟ್ಟ ಹಳೇ ಸಿ.ಡಿ., ಫ್ಲಾಪಿ ಇದ್ದರೆ, ತೆರೆದಾಗ ಚಿತ್ರಾನ್ನ ಕಂಡರೂ ಬಿಸಾಡಬೇಡಿ. ಅದು ಕೆಟ್ಟಿಲ್ಲ, ಹಳೇ ಫಾಂಟಿನಲ್ಲಿದೆ ಅಷ್ಟೇ. ಉಚಿತ ಪರಿವರ್ತಕಗಳಿವೆ. ಫ್ಲಾಪಿ ಓದುವ ಯಂತ್ರ ಸಿಗುವುದೇ ದಿನೇದಿನೇ ಕಷ್ಟವಾಗುತ್ತಿದೆ, ಹಾಗಾಗಿ ಈ ಬೇಸಿಗೆ ರಜೆಯಲ್ಲೇ ಕೂತು ಮಾಡಿಬಿಡಿ. ಅರ್ಕಾವತ್ತು ಎಲ್ಲೋ ಹಾರಿಹೋದರೆ ಕರಡು ತಿದ್ದಲು ನಾವು ನಾಲ್ಕು ಜನ ಇದ್ದೇವೆ, ಭಾನುವಾರ ಮಾತ್ರ, ಕಾಫಿ ನಿಮ್ಮದು.