ಕಿನ್ನಾಳ ಕಲೆಯಲ್ಲಿ ನಿತ್ಯಾಭ್ಯಾಸ

ಕಿನ್ನಾಳ ಕಲೆಯು ಕರ್ನಾಟಕದ ಕೊಪ್ಪಳ ತಾಲೂಕಿನ ಕಿನ್ನಾಳ ಗ್ರಾಮದ ಚಿತ್ರಗಾರ ಕುಟುಂಬಗಳು ತಲೆಮಾರುಗಳಿಂದ ನಡೆಸಿಕೊಂಡು ಬಂದಿರುವ ಮರದ ಕೆತ್ತನೆ ಮತ್ತು ಬಣ್ಣಗಾರಿಕೆಯ ಕಲೆಯಾಗಿದೆ. ಗೊಂಬೆಗಳು, ದೇವತಾಮೂರ್ತಿಗಳು, ಪ್ರಾಣಿ ಪಕ್ಷಿಗಳ ಆಕೃತಿಗಳು ಇದರ ಮುಖ್ಯ ರಚನೆಗಳು. ಇದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಸ್ಥಿರವಾದ ರೂಢಿಯಿಂದ ಕೌಶಲವು ಹೇಗೆ ಬೆಳೆದು ಬಾಳುತ್ತದೆ ಎಂಬುದನ್ನೂ, ರೂಢಿ ಕಡಿದಾಗ ಅದು ಹೇಗೆ ಕ್ಷೀಣಿಸುತ್ತದೆ ಎಂಬುದನ್ನೂ ಈ ಕಲೆಯಲ್ಲಿ ಕಾಣಬಹುದು.

ಹಿನ್ನೆಲೆ

ಕಿನ್ನಾಳದ ಕಲಾವಿದರ ಪೂರ್ವಜರು ವಿಜಯನಗರದ ಅರಸರ ಕಾಲದಲ್ಲಿ ಹಂಪಿಯಲ್ಲಿ ಕೆಲಸ ಮಾಡುತ್ತಿದ್ದರೆಂಬ ನಂಬಿಕೆಯಿದೆ. ಅಲ್ಲಿನ ವಿರೂಪಾಕ್ಷ ದೇವಾಲಯದ ಭಿತ್ತಿಚಿತ್ರಗಳು ಹಾಗೂ ಮರದ ತೇರಿನ ಕುಸುರಿ ಕೆಲಸ ಅವರದೇ ಎಂದು ಹೇಳಲಾಗುತ್ತದೆ. ಕಲಾವಿದರೊಬ್ಬರ ಮನೆಯಲ್ಲಿ ದೊರೆತ ಹಳೆಯ ಕಾಗದದ ನಕ್ಷೆಗಳನ್ನು ಈ ನಂಬಿಕೆಗೆ ಆಧಾರವಾಗಿ ತೋರಿಸಲಾಗುತ್ತದೆ. 1565ರ ಯುದ್ಧದ ನಂತರ ವಿಜಯನಗರ ಪಾಳುಬಿದ್ದಿತು. ಆಶ್ರಯ ನೀಡಿದ ರಾಜ್ಯ ಅಳಿದರೂ ಕಲೆ ಮನೆತನದ ಕಸುಬಾಗಿ ಉಳಿದುಕೊಂಡಿತು.

ತಯಾರಿಕೆಯ ಕ್ರಮ

ಮೂರ್ತಿಗಳಿಗೆ ಹಗುರವಾದ ಮರವನ್ನು ಬಳಸುತ್ತಾರೆ. ಆಕೃತಿಯ ಭಾಗಗಳನ್ನು ಬೇರೆಬೇರೆಯಾಗಿ ಕೆತ್ತಿ ನಂತರ ಜೋಡಿಸಲಾಗುತ್ತದೆ. ಗರುಡನ ಮೂರ್ತಿಯಲ್ಲಿ 12 ಭಾಗಗಳೂ, ಸಿಂಹಾಸನದ ಮೇಲೆ ಕುಳಿತ ಗಣಪತಿಯಲ್ಲಿ 22 ಭಾಗಗಳೂ ಇರುತ್ತವೆ. ಜೋಡಣೆಯ ಅಂಟನ್ನು ಹುಣಸೆ ಬೀಜ ಮತ್ತು ಕಲ್ಲುಪುಡಿಯಿಂದ ಮಾಡುತ್ತಾರೆ. ಸೆಣಬಿನ ಚಿಂದಿಗಳನ್ನು ನೆನೆಸಿ, ಚೂರು ಮಾಡಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನೊಡನೆ ಕಲಸಿದರೆ ‘ಕಿಟ್ಟ’ ಸಿದ್ಧವಾಗುತ್ತದೆ. ಇದನ್ನು ಮೂರ್ತಿಯ ಮೈಗೆಲ್ಲ ಕೈಯಿಂದ ಮೆತ್ತಿ, ಅದರ ಮೇಲೆ ಹತ್ತಿಯ ಬಟ್ಟೆಯ ಚೂರುಗಳನ್ನು ಅಂಟಿಸುತ್ತಾರೆ. ಆ ಮೇಲೆ ಬಳಿಯುವ ಕಲ್ಲುಪುಡಿಯ ಲೇಪವು ಬಣ್ಣಕ್ಕೆ ತಳಹದಿಯಾಗುತ್ತದೆ. ಆಭರಣಗಳ ಉಬ್ಬು ಕೆಲಸಕ್ಕೂ ಕಲ್ಲುಪುಡಿ ಮತ್ತು ಗೋಂದಿನ ಮಿಶ್ರಣವನ್ನೇ ಬಳಸಲಾಗುತ್ತದೆ.

ಹೀಗೆ ಪದರದ ಮೇಲೆ ಪದರ ಬರುವುದರಿಂದ ಒಂದು ಹಂತ ಒಣಗುವವರೆಗೆ ಮುಂದಿನದನ್ನು ಕೈಗೊಳ್ಳಲಾಗದು. ಅವಸರದಿಂದ ಒಂದೇ ದಿನದಲ್ಲಿ ಮುಗಿಸುವ ಕೆಲಸ ಇದಲ್ಲ. ಪ್ರತಿದಿನವೂ ಸ್ವಲ್ಪ ಸ್ವಲ್ಪ ಮುಂದುವರಿಸುವ ಶಿಸ್ತನ್ನು ತಯಾರಿಕೆಯ ವಿಧಾನವೇ ಬೇಡುತ್ತದೆ.

ಕಲಿಕೆ ಮತ್ತು ರೂಢಿ

ಈ ಕಲೆಯ ಕಲಿಕೆ ಮನೆಯಲ್ಲಿಯೇ ನಡೆದು ಬಂದಿದೆ. ಅಂಟಿನ ಹದ, ಕಿಟ್ಟದ ದಪ್ಪ, ಕುಂಚದ ಒತ್ತಡ ಮುಂತಾದವು ಓದಿ ತಿಳಿಯುವುದಕ್ಕಿಂತ ಹೆಚ್ಚಾಗಿ ಮಾಡಿ ಮಾಡಿ ಕೈಗೆ ಹತ್ತುವ ಸಂಗತಿಗಳು.

ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲಿ ಪ್ರಕಟಿಸಿದ ಮನಶ್ಶಾಸ್ತ್ರದ ಗ್ರಂಥದಲ್ಲಿ ಅಭ್ಯಾಸಕ್ಕೆ ಒಂದು ಪೂರ್ಣ ಅಧ್ಯಾಯವನ್ನು ಮೀಸಲಿಟ್ಟನು. ಕ್ರಿಯೆಯೊಂದು ರೂಢಿಯಾದಾಗ ಅದಕ್ಕೆ ಬೇಕಾದ ಗಮನ ಕಡಿಮೆಯಾಗಿ, ಮನಸ್ಸು ಮೇಲಿನ ಕೆಲಸಗಳಿಗೆ ಬಿಡುವಾಗುತ್ತದೆ ಎಂಬುದು ಅವನ ವಿಚಾರ. ಲಂಡನ್ನಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಸಹೋದ್ಯೋಗಿಗಳು 96 ಜನರ ಮೇಲೆ ನಡೆಸಿದ ಅಧ್ಯಯನವು 2010ರಲ್ಲಿ ಮುದ್ರಣಗೊಂಡಿತು. ಹೊಸ ನಡವಳಿಕೆಯೊಂದು ತಾನಾಗಿಯೇ ನಡೆಯುವಷ್ಟು ರೂಢಿಯಾಗಲು ಬೇಕಾಗುವ ಅವಧಿ 18ರಿಂದ 254 ದಿನಗಳವರೆಗೆ ವ್ಯತ್ಯಾಸವಾಗುತ್ತದೆಂದೂ, ಅದರ ಮಧ್ಯಮ ಮೌಲ್ಯ 66 ದಿನಗಳೆಂದೂ ಅದು ಅಂದಾಜಿಸಿತು. ನಡುವೆ ಒಮ್ಮೆ ತಪ್ಪಿದ ಮಾತ್ರಕ್ಕೆ ರೂಢಿಯ ಬೆಳವಣಿಗೆಗೆ ಹೆಚ್ಚಿನ ಧಕ್ಕೆಯಾಗದು ಎಂಬುದೂ ಅದರಲ್ಲಿ ಕಂಡುಬಂದಿತು.

ಆದರೆ ಕೇವಲ ಪುನರಾವರ್ತನೆಯಿಂದ ಪರಿಣತಿ ಬರುವುದಿಲ್ಲ. ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳನ್ನು ಕುರಿತು 1993ರಲ್ಲಿ ಪ್ರಕಟಿಸಿದ ಅಧ್ಯಯನವು, ದೋಷಗಳನ್ನು ಗುರುತಿಸಿ ತಿದ್ದಿಕೊಳ್ಳುವ ಉದ್ದೇಶಪೂರ್ವಕ ಅಭ್ಯಾಸಕ್ಕೆ ಮಹತ್ವ ನೀಡಿತು. ಮನೆಯ ಕಸುಬಿನಲ್ಲಿ ಈ ತಿದ್ದುವಿಕೆ ಪಕ್ಕದಲ್ಲಿಯೇ ಕುಳಿತ ಹಿರಿಯರಿಂದ ದೊರೆಯುತ್ತದೆ.

ರೂಢಿಗೆ ಆಸರೆ

ರೂಢಿ ವ್ಯಕ್ತಿಯ ಸಂಕಲ್ಪದಿಂದ ಮಾತ್ರ ನಿಲ್ಲುವುದಿಲ್ಲ; ಕೆಲಸವನ್ನು ಮತ್ತೆ ಮತ್ತೆ ಕರೆತರುವ ಸಂದರ್ಭಗಳೂ ಬೇಕು. ಕಿನ್ನಾಳದಲ್ಲಿ ಹಬ್ಬ ಜಾತ್ರೆಗಳು ಇಂಥ ಸಂದರ್ಭಗಳನ್ನು ಒದಗಿಸುತ್ತವೆ. ಹಬ್ಬದ ದಿನಗಳಲ್ಲಿ ಮಣ್ಣಿನ ಗೊಂಬೆಗಳು ಹಾಗೂ ಸಗಣಿ ಮತ್ತು ಮರದ ಹೊಟ್ಟಿನ ಮೂರ್ತಿಗಳು ಸಿದ್ಧವಾಗುತ್ತವೆ. ಗ್ರಾಮದೇವತೆಗಳ ಮರದ ಮೂರ್ತಿಗಳನ್ನು ಮಾಡುವ ಮತ್ತು ಅವುಗಳಿಗೆ ಮರಳಿ ಬಣ್ಣ ಹಚ್ಚುವ ಕೆಲಸವೂ ಈ ಕಲಾವಿದರದೇ.

ಸವಾಲುಗಳು

ಹಿಂದೆ ಬೇರೆಬೇರೆ ಕಸುಬುಗಳಲ್ಲಿ ತೊಡಗಿದ ಜನರ ಗೊಂಬೆಗಳಿಗೆ ಬೇಡಿಕೆಯಿತ್ತು. ಇಂದು ಯಂತ್ರನಿರ್ಮಿತ ಪ್ಲಾಸ್ಟಿಕ್ ಆಟಿಕೆಗಳ ಪೈಪೋಟಿ ಇದೆ. ಕೈಕೆಲಸಕ್ಕೆ ತಗಲುವ ಸಮಯಕ್ಕೆ ತಕ್ಕ ಬೆಲೆ ಸಿಗುವುದು ಕಷ್ಟ. ಆದಾಯ ಅನಿಶ್ಚಿತವಾದಾಗ ಮಕ್ಕಳು ಬೇರೆ ಉದ್ಯೋಗಗಳತ್ತ ಹೊರಳುವುದು ಸಹಜ. ಭೌಗೋಳಿಕ ಸೂಚಿಕೆಯು ಕಿನ್ನಾಳದ ಹೆಸರಿಗೆ ಕಾನೂನಿನ ರಕ್ಷಣೆ ನೀಡುತ್ತದೆ, ಆದರೆ ಕೈಯ ಹದವನ್ನು ಉಳಿಸುವ ಶಕ್ತಿ ಅದಕ್ಕಿಲ್ಲ. ಒಂದು ದಿನದ ಬಿಡುವು ರೂಢಿಯನ್ನು ಕೆಡಿಸದಿದ್ದರೂ ಒಂದು ತಲೆಮಾರಿನ ಬಿಡುವು ಅದನ್ನು ಅಳಿಸಬಲ್ಲದು. ಆದ್ದರಿಂದ ಈ ಕಲೆಯ ಉಳಿವು ವರ್ಷಕ್ಕೊಮ್ಮೆ ನಡೆಯುವ ಪ್ರದರ್ಶನ, ಸನ್ಮಾನಗಳಿಗಿಂತ ವರ್ಷವಿಡೀ ದೊರೆಯುವ ಕೆಲಸವನ್ನು ಹೆಚ್ಚಾಗಿ ಅವಲಂಬಿಸಿದೆ.