ಚಿತ್ರಪಟದ ಉಮೇದುವಾರರು

ರೋಣ, ನರಗುಂದ, ಗಜೇಂದ್ರಗಡಗಳಂಥ ಊರುಗಳಲ್ಲಿ ಕಾಲೇಜಿನ ಓದು ಮುಗಿಸಿದ ತರುಣನೊಬ್ಬನು ತಾನು ಚಿತ್ರಪಟಗಳ ನಿರ್ದೇಶಕನಾಗುವೆನೆಂದು ಮನೆಯಲ್ಲಿ ಹೇಳಿದರೆ ಹಿರಿಯರ ಮುಖದಲ್ಲಿ ಮೂಡುವ ಚಿಂತೆ ಅಕಾರಣವಾದುದಲ್ಲ. ವಕೀಲನಾಗುವವನಿಗೆ ಹಿರಿಯ ವಕೀಲರ ಕಚೇರಿಯುಂಟು, ವೈದ್ಯನಾಗುವವನಿಗೆ ಆಸ್ಪತ್ರೆಯುಂಟು. ಈ ವಿದ್ಯೆಗೆ ಬಾಗಿಲು ಎಲ್ಲಿ? ತರುಣನನ್ನು ಕಾಡುವ ಪ್ರಶ್ನೆಗಳಾದರೂ ಎರಡೇ. ಅನುಭವವಿಲ್ಲದವನಿಗೆ ಯಾರೂ ಕೆಲಸ ಕೊಡರು, ಕೆಲಸವಿಲ್ಲದೆ ಅನುಭವ ಬಾರದು, ಇದು ಮೊದಲನೆಯದು. ತಾರ್ಕಿಕರು ಇಂಥದಕ್ಕೇ ಅನ್ಯೋನ್ಯಾಶ್ರಯವೆಂದು ಹೆಸರಿಟ್ಟಿದ್ದಾರೆ. ತನ್ನ ಹೆಸರನ್ನು ನಾಲ್ವರ ಕಿವಿಗೆ ಮುಟ್ಟಿಸುವದು ಹೇಗೆ, ಹಾಗೆ ಮುಟ್ಟಿಸುವಾಗ ಆತ್ಮಶ್ಲಾಘೆಯ ದೋಷ ತಟ್ಟದಿರುವದು ಹೇಗೆ ಎಂಬುದು ಎರಡನೆಯದು. ಈ ತೊಡಕುಗಳು ಇಂದು ನಿನ್ನೆಯವಲ್ಲ. ನೂರು ವರ್ಷಗಳಿಗೂ ಹಿಂದೆ, ನರಗುಂದದಿಂದ ನವಲಗುಂದದ ಮೇಲೆ ಹಾಯ್ದು ಹೋದರೆ ಸಿಗುವ ಹುಬ್ಬಳ್ಳಿಯಲ್ಲಿಯೇ ಒಬ್ಬ ಹುಡುಗನು ಇವನ್ನು ತನ್ನ ರೀತಿಯಲ್ಲಿ ಬಿಡಿಸಿಕೊಂಡನು.

ಆ ಹುಡುಗನು ಕೊಲ್ಹಾಪುರದವನು. ಹೆಸರು ಶಾಂತಾರಾಮ ರಾಜಾರಾಮ ವಣಕುದ್ರೆ. ಮುಂದೆ ವ್ಹಿ. ಶಾಂತಾರಾಮ ಎಂದು ದೇಶವೆಲ್ಲ ಕೊಂಡಾಡಿದ್ದು ಇವನನ್ನೇ. ಹುಟ್ಟಿದ್ದು ೧೯೦೧ನೆಯ ನವೆಂಬರ ೧೮ರಂದು. ಬಾಲ್ಯದಲ್ಲಿ ಕೆಲಕಾಲ ಬಾಲಗಂಧರ್ವರ ಗಂಧರ್ವ ನಾಟಕ ಮಂಡಲಿಯಲ್ಲಿದ್ದು ಸಣ್ಣಪುಟ್ಟ ಕೆಲಸಗಳನ್ನು ಮಾಡಿದ್ದನು. ಅನಂತರ ಅವನ ಕುಟುಂಬವು ಹೊಟ್ಟೆಪಾಡಿಗಾಗಿ ಹುಬ್ಬಳ್ಳಿಗೆ ಬಂದು ನೆಲೆಸಿತು. ಆಗ ಹುಬ್ಬಳ್ಳಿಯೆಂದರೆ ಹತ್ತಿಯ ಪೇಟೆ ಮತ್ತು ರೇಲ್ವೆಯ ಕಾರಖಾನೆ. ರೋಣ ತಾಲೂಕಿನ ಹೊಳೆಆಲೂರಿನಲ್ಲಿ ನಿಂತು ಸಾಗುವ ಗಾಡಿಗಳ ಎಂಜಿನ್ನುಗಳೂ ಡಬ್ಬಿಗಳೂ ದುರಸ್ತಿಗಾಗಿ ಸೇರುತ್ತಿದ್ದುದು ಆ ಕಾರಖಾನೆಯನ್ನೇ. ಹುಡುಗನು ಅಲ್ಲಿ ಕಬ್ಬಿಣದ ಕೆಲಸ ಕಲಿಯಲು ಸೇರಿದನು. ಹಗಲೆಲ್ಲ ಸುತ್ತಿಗೆ, ಎಣ್ಣೆ, ಉಕ್ಕಿನ ಪುಡಿ. ಸಂಜೆಯಾಯಿತೆಂದರೆ ಊರಿನ ತಗಡಿನ ಚಿತ್ರಮಂದಿರದಲ್ಲಿ ಚಾಕರಿ. ಅಲ್ಲಿ ಅವನ ಅಧಿಕಾರವೆಂದರೆ ಬಾಗಿಲು ಕಾಯುವದು.

ಬಾಗಿಲು ಕಾಯುವದೆಂದರೆ ಏನೆಂಬುದನ್ನು ಸ್ವಲ್ಪ ನಿಂತು ಯೋಚಿಸಬೇಕು. ಕಾಸು ಕೊಟ್ಟು ಒಳಗೆ ಹೋದವನು ಒಂದು ಚಿತ್ರವನ್ನು ಒಂದು ಸಲ ನೋಡಿ ಮನೆಗೆ ಹೋಗುತ್ತಾನೆ. ಬಾಗಿಲಿನವನಾದರೋ ಅದೇ ಚಿತ್ರವನ್ನು ದಿನದಿನವೂ ನೋಡುತ್ತಾನೆ; ಕಥೆಯ ಕುತೂಹಲವು ಎರಡನೆಯ ದಿನಕ್ಕೆ ಮುಗಿದುಹೋಗಿ, ಕಥೆಯನ್ನು ಕಟ್ಟಿದ ಬಗೆಯು ಮೂರನೆಯ ದಿನದಿಂದ ಕಣ್ಣಿಗೆ ಬೀಳತೊಡಗುತ್ತದೆ. ಅಷ್ಟೇ ಅಲ್ಲ. ಅವನು ತೆರೆಗೂ ಪ್ರೇಕ್ಷಕರಿಗೂ ನಡುವೆ ನಿಂತವನಾದುದರಿಂದ, ಎಲ್ಲಿ ಜನ ಉಸಿರು ಹಿಡಿದರು, ಎಲ್ಲಿ ಬೀಡಿ ಹಚ್ಚಲು ಎದ್ದರು, ಎಲ್ಲಿ ತಾಯಂದಿರು ಮಕ್ಕಳಿಗೆ ಸುಮ್ಮನಿರೆಂದು ಗದರಿದರು ಎಂಬುದೂ ಅವನಿಗೆ ಕಂಠಪಾಠವಾಗುತ್ತದೆ. ಆಗಿನವು ಮೂಕಚಿತ್ರಗಳು. ದಾದಾಸಾಹೇಬ ಫಾಲ್ಕೆಯವರು ೧೯೧೩ರಲ್ಲಿ ‘ರಾಜಾ ಹರಿಶ್ಚಂದ್ರ’ವನ್ನು ಹೊರತಂದು ಇನ್ನೂ ಹೆಚ್ಚು ವರ್ಷಗಳಾಗಿರಲಿಲ್ಲ. ಮಾತಿಲ್ಲದ ಚಿತ್ರದಲ್ಲಿ ಕಣ್ಣಿನಿಂದಲೇ ಅರ್ಥವಾಗದುದು ಅರ್ಥವಾಗುವದೇ ಇಲ್ಲ. ಆದುದರಿಂದ ದೃಶ್ಯಭಾಷೆಯನ್ನು ಕಲಿಯಲು ಅದಕ್ಕಿಂತ ಕಟ್ಟುನಿಟ್ಟಾದ ಶಾಲೆ ಬೇರೊಂದಿರಲಾರದು. ಇದರ ಜತೆಗೆ ಹುಡುಗನು ಛಾಯಾಚಿತ್ರ ತೆಗೆಯುವದನ್ನೂ ಅಂಗಡಿಗಳ ನಾಮಫಲಕ ಬರೆಯುವದನ್ನೂ ಅಭ್ಯಾಸ ಮಾಡಿದನು. ಉಕ್ಕು, ಬೆಳಕು, ಬಣ್ಣ ಇವು ಮೂರೂ ಹೀಗೆ ಅವನ ಕೈವಶವಾದವು. ಮೂರಕ್ಕೂ ಪ್ರಮಾಣಪತ್ರ ಮಾತ್ರ ಇರಲಿಲ್ಲ.

ಮುಂಬಯಿ ಇಲಾಖೆಯ ಕಚೇರಿಗಳಲ್ಲಿ ಉಮೇದುವಾರರೆಂಬ ಒಂದು ವರ್ಗವಿದ್ದುದನ್ನು ಹಳಬರು ಬಲ್ಲರು. ಸಂಬಳವಿಲ್ಲದೆ, ಇಲ್ಲವೆ ಹೆಸರಿಗಷ್ಟು ಸಂಬಳಕ್ಕೆ, ದಫ್ತರ ಬರೆಯುತ್ತ ಕಾರಕೂನಿಕೆಯ ಜಾಗವೊಂದು ತೆರವಾಗುವದನ್ನು ಕಾಯುತ್ತಿದ್ದವರು ಅವರು. ಚಿತ್ರಪಟದಲ್ಲಿಯೂ ಮೊದಲ ತಲೆಮಾರಿನವರೆಲ್ಲ ಉಮೇದುವಾರರೇ. ಕಾಯುವದರಲ್ಲಿಯೂ ಎರಡು ವಿಧಗಳುಂಟು. ಸಂಸ್ಕೃತದಲ್ಲಿ ಶುಶ್ರೂಷೆಯೆಂಬ ಶಬ್ದಕ್ಕೆ ಧಾತ್ವರ್ಥವು ಕೇಳುವ ಇಚ್ಛೆಯೆಂದು. ರೂಢಿಯಲ್ಲಿ ಅದು ಸೇವೆಯೆಂಬ ಅರ್ಥಕ್ಕೆ ಬಂದಿತು. ಗುರುವಿನ ಬಳಿಯಲ್ಲಿ ನೀರು ಹೊರುತ್ತಲೇ ಕಿವಿ ತೆರೆದಿಟ್ಟವನಿಗೆ ಎರಡರ್ಥಗಳೂ ಒಂದೇ; ಕಿವಿ ಮುಚ್ಚಿಕೊಂಡವನಿಗೆ ಉಳಿಯುವದು ನೀರಿನ ಭಾರ ಮಾತ್ರ.

ಈ ಮಾತಿಗೆ ರೋಣವೇ ಒಂದು ಉದಾಹರಣೆಯನ್ನು ಕೊಟ್ಟಿದೆ. ಅದು ಚಿತ್ರಪಟದ್ದಲ್ಲ, ಸಂಗೀತದ್ದು. ೧೯೨೨ರಲ್ಲಿ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ೧೯೩೩ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನರಸಿ ಮನೆ ಬಿಟ್ಟು ರೈಲು ಹತ್ತಿದರು. ಕೈಯಲ್ಲಿ ಹಣವಿರಲಿಲ್ಲ; ಡಬ್ಬಿಯಲ್ಲಿ ಹಾಡಿ ಸಹಪ್ರಯಾಣಿಕರನ್ನು ಮೆಚ್ಚಿಸಿಯೇ ದಾರಿ ಸಾಗಿಸಿದರು. ಗ್ವಾಲ್ಹೇರ, ಜಾಲಂಧರ ಎಂದು ಉತ್ತರದೇಶವನ್ನೆಲ್ಲ ಸುತ್ತಿದ ಆ ಹುಡುಗನಿಗೆ ಗುರು ದೊರೆತದ್ದು ಹುಬ್ಬಳ್ಳಿಯ ನೆರೆಯ ಕುಂದಗೋಳದಲ್ಲಿ, ಸವಾಯಿ ಗಂಧರ್ವರ ಮನೆಯಲ್ಲಿ. ಅಲ್ಲಿ ಅವರು ಹೊತ್ತ ನೀರಿನ ಕೊಡಗಳ ಕಥೆಯನ್ನು ನಮ್ಮ ಸೀಮೆಯವರಿಗೆ ಹೇಳಬೇಕಾದುದಿಲ್ಲ.

ಶಾಂತಾರಾಮನ ಕಥೆಗೆ ಮರಳೋಣ. ಅವನ ಬಂಧು ಬಾಬೂರಾವ ಪೆಂಢಾರಕರರು ಕೊಲ್ಹಾಪುರದ ಮಹಾರಾಷ್ಟ್ರ ಫಿಲ್ಮ್ ಕಂಪನಿಯಲ್ಲಿ ವ್ಯವಸ್ಥಾಪಕರಾಗಿದ್ದರು. ಅವರ ಮುಖಾಂತರ ೧೯೨೦ರಲ್ಲಿ ಹುಡುಗನು ಆ ಕಂಪನಿಯ ಒಡೆಯರಾದ ಬಾಬೂರಾವ ಪೇಂಟರರ ಕೈಕೆಳಗೆ ಸೇರಿದನು. ಶಿಫಾರಸು ಬಾಗಿಲನ್ನು ತೆರೆಯಿತೆಂಬುದನ್ನು ಮರೆಮಾಚುವ ಕಾರಣವಿಲ್ಲ. ಒಳಗೆ ನಿಲ್ಲಿಸಿದ್ದು ಮಾತ್ರ ಹುಬ್ಬಳ್ಳಿಯಲ್ಲಿ ಕಲಿತ ಕೈಗೆಲಸ. ಪೇಂಟರರು ಮೂಲತಃ ಚಿತ್ರಕಾರರು. ಛಾಯಾಯಂತ್ರವನ್ನು ಸಹ ತಮ್ಮ ಕೈಯಿಂದಲೇ ನಿರ್ಮಿಸಿಕೊಂಡವರು. ಅವರಲ್ಲಿ ನಟ, ಬಡಿಗ, ಬಣ್ಣಗಾರ ಎಂಬ ವಿಭಾಗಗಳಿರಲಿಲ್ಲ. ಪರದೆ ಬರೆಯುವವನೇ ಸುರುಳಿಯನ್ನು ತೊಳೆಯಬೇಕು, ಸುರುಳಿ ತೊಳೆಯುವವನೇ ವೇಷ ಹಾಕಬೇಕು. ಶಾಂತಾರಾಮನು ೧೯೨೧ರ ‘ಸುರೇಖಾ ಹರಣ’ದಲ್ಲಿ ಶ್ರೀಕೃಷ್ಣನಾದನು, ೧೯೨೩ರ ‘ಸಿಂಹಗಡ’ದಲ್ಲಿ ಶೇಲಾರ ಮಾಮಾ ಆದನು, ೧೯೨೫ರ ‘ಸಾವಕಾರಿ ಪಾಶ’ದಲ್ಲಿ ಸಾಲಗಾರ ಒಕ್ಕಲಿಗನಾದನು. ಬರಗಾಲದ ಬಿಸಿಯನ್ನೂ ಸಾವಕಾರನ ಕಾಗದದ ಬಲೆಯನ್ನೂ ತಲೆತಲಾಂತರ ಕಂಡ ಗಜೇಂದ್ರಗಡದ ಸುತ್ತಲಿನ ಹಳ್ಳಿಗರಿಗೆ ಆ ಕಥೆ ಪರರದೆಂದು ತೋರಲಾರದು. ನಿರ್ದೇಶಕನೆಂದು ಅವನ ಹೆಸರು ಮೊದಲು ಬಂದದ್ದು ೧೯೨೭ರ ‘ನೇತಾಜಿ ಪಾಲಕರ’ದಲ್ಲಿ. ಕೊಲ್ಹಾಪುರಕ್ಕೆ ಹೋಗಿ ಏಳು ವರ್ಷ. ಅದರ ಹಿಂದೆ ಹುಬ್ಬಳ್ಳಿಯ ವರ್ಷಗಳು. ಸಂಸ್ಕೃತ ಪಾಠಶಾಲೆಯಲ್ಲಿ ವ್ಯಾಕರಣಕ್ಕೆ ಹನ್ನೆರಡು ವರ್ಷ ಬೇಕೆಂದು ಹೇಳುವದುಂಟು. ಕಾಲದ ಲೆಕ್ಕದಲ್ಲಿ ಹೆಚ್ಚಿನ ಅಂತರವೇನೂ ಕಾಣುವದಿಲ್ಲ.

ಇನ್ನು ಎರಡನೆಯ ಪ್ರಶ್ನೆ. ತನ್ನನ್ನು ತಾನೇ ಹೊಗಳಿಕೊಳ್ಳುವದನ್ನು ನಮ್ಮ ಹಿರಿಯರು ನಿಂದಿಸಿದರು. ಆದರೆ ಹೆಸರು ಹೇಳಿಕೊಳ್ಳುವದನ್ನು ನಿಂದಿಸಲಿಲ್ಲ. ಸಂಸ್ಕೃತ ನಾಟಕಗಳ ಪ್ರಸ್ತಾವನೆಯನ್ನು ನೋಡಿರಿ. ಕಾಳಿದಾಸನು ‘ಮಾಲವಿಕಾಗ್ನಿಮಿತ್ರ’ದಲ್ಲಿ ಹೊಸ ಕವಿಯಾಗಿ ಬಂದಾಗ, ಭಾಸನೇ ಮೊದಲಾದ ಹಳೆಯ ಕವಿಗಳಿರುವಾಗ ಇವನ ನಾಟಕವೇಕೆಂಬ ಶಂಕೆಯನ್ನು ತಾನೇ ಎಬ್ಬಿಸಿ, ಸಮಾಧಾನವನ್ನು ಸೂತ್ರಧಾರನ ಬಾಯಿಂದ ಹೇಳಿಸಿದನು. ಕವಿ ತೆರೆಯ ಹಿಂದೆ. ಹೆಸರು ತೆರೆಯ ಮುಂದೆ. ಕೂಡಲೇ ನಾಟಕವೇ ಆರಂಭವಾಗುವದರಿಂದ ಹೇಳಿದ ಮಾತಿಗೆ ಸಾಕ್ಷಿ ಅಲ್ಲಿಯೇ ಸಿದ್ಧವಾಗಿರುತ್ತದೆ. ಪ್ರಚಾರವು ಆತ್ಮಶ್ಲಾಘೆಯಾಗುವದು ಸಾಕ್ಷಿಯಿಲ್ಲದಲ್ಲಿ ಮಾತ್ರ. ಬಾಬೂರಾವ ಪೇಂಟರರು ತಮ್ಮ ಚಿತ್ರಗಳ ಭಿತ್ತಿಪತ್ರಗಳನ್ನು ತಾವೇ ಬರೆಯುತ್ತಿದ್ದರು. ೧೯೨೪ರ ‘ಕಲ್ಯಾಣ ಖಜಿನಾ’ಕ್ಕಾಗಿ ಅವರು ಬರೆದುದು ಇಂದಿಗೂ ಉಳಿದಿದ್ದು, ನಮ್ಮ ದೇಶದ ಅತ್ಯಂತ ಹಳೆಯ ಚಿತ್ರಪಟದ ಭಿತ್ತಿಪತ್ರಗಳಲ್ಲಿ ಒಂದೆಂದು ಎಣಿಸಲ್ಪಡುತ್ತದೆ. ಗೋಡೆಯ ಮೇಲಿನ ಆ ಕಾಗದವು ಪ್ರಚಾರವೂ ಅಹುದು, ಚಿತ್ರಕಾರನ ಯೋಗ್ಯತೆಯ ಸಾಕ್ಷಿಯೂ ಅಹುದು. ನಾಮಫಲಕ ಬರೆದ ಕೈಯ ಹುಡುಗನು ಇಂಥ ಗುರುವಿನ ಬಳಿ ಸೇರಿದನು. ಮುಂದೆ ೧೯೨೯ರ ಜೂನ್ ೧ರಂದು ಅವನೂ ದಾಮಲೆ, ಫತ್ತೇಲಾಲ, ಧಾಯ್ಬರ ಎಂಬ ಸಹೋದ್ಯೋಗಿಗಳೂ, ಹಣ ಹಾಕಿದ ಸೀತಾರಾಮಪಂತ ಕುಲಕರ್ಣಿಯವರೂ ಕೂಡಿ ಪ್ರಭಾತ ಫಿಲ್ಮ್ ಕಂಪನಿಯನ್ನು ಸ್ಥಾಪಿಸಿದಾಗ, ಆರಿಸಿಕೊಂಡ ಲಾಂಛನವು ತುತ್ತೂರಿ ಊದುವ ಹೆಣ್ಣಿನದು. ಊದಬೇಕಾದುದನ್ನು ಊದಲು ಅವರು ನಾಚಲಿಲ್ಲ. ಊದಿದ ಮೇಲೆ ತೋರಿಸುವದಕ್ಕೆ ೧೯೩೨ರ ‘ಅಯೋಧ್ಯೇಚಾ ರಾಜಾ’ ಇದ್ದಿತು, ೧೯೩೭ರ ‘ಕುಂಕೂ’ ಇದ್ದಿತು.

ಮಾತನ್ನೇ ಆಡದೆ ಹೆಸರು ಮಾಡಿದ ಕನ್ನಡಿಗರೂ ಉಂಟು. ಮೈಸೂರಿನ ವಿ. ಕೆ. ಮೂರ್ತಿಯವರು ಬೆಂಗಳೂರಿನ ಜಯಚಾಮರಾಜೇಂದ್ರ ಔದ್ಯೋಗಿಕ ಶಾಲೆಯಲ್ಲಿ ಛಾಯಾಗ್ರಹಣವನ್ನು ಕಲಿತು ೧೯೪೬ರಲ್ಲಿ ತೇರ್ಗಡೆಯಾದರು. ಮುಂಬಯಿಯಲ್ಲಿ ಅವರಿಗೆ ದೊರೆತದ್ದು ಸಹಾಯಕನ ಸ್ಥಾನ. ೧೯೫೧ರ ‘ಬಾಜಿ’ಯ ಚಿತ್ರೀಕರಣದಲ್ಲಿ, ಕನ್ನಡಿಯ ಪ್ರತಿಬಿಂಬದಿಂದ ಸಾಗಿ ಬರುವ ಕಠಿಣವಾದ ಒಂದು ಚಲನೆಯನ್ನು ಅವರು ಸೂಚಿಸಿ ಸಾಧಿಸಿ ತೋರಿಸಿದರು. ನಿರ್ದೇಶಕ ಗುರುದತ್ತರು ಅದನ್ನು ಕಂಡು ಮರುವರ್ಷದ ‘ಜಾಲ’ದಿಂದ ತಮ್ಮ ಛಾಯಾಗ್ರಾಹಕರನ್ನಾಗಿ ಅವರನ್ನೇ ಆರಿಸಿಕೊಂಡರು. ‘ಪ್ಯಾಸಾ’, ‘ಕಾಗಜ್ ಕೆ ಫೂಲ್’ ಆ ಜೋಡಿಯಿಂದಲೇ ಬಂದವು. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ತರಾದರೂ ೧೯೪೪ರಲ್ಲಿ ಪುಣೆಯ ಪ್ರಭಾತದಲ್ಲಿಯೇ ನೌಕರಿಗೆ ನಿಂತು ಈ ವಿದ್ಯೆಯ ಬಾಗಿಲು ಹೊಕ್ಕವರು.

ಇಷ್ಟನ್ನು ಹೇಳಿ ಸುಮ್ಮನಾದರೆ ಇತಿಹಾಸಕ್ಕೆ ಅನ್ಯಾಯವಾದೀತು. ಬಾಗಿಲು ಕಾಯ್ದವರೆಲ್ಲರೂ ಶಾಂತಾರಾಮರಾಗಲಿಲ್ಲ. ಕೂಲಿಯಿಲ್ಲದೆ ದುಡಿದು, ಹೆಸರಿಲ್ಲದೆ ಮರಳಿ, ಊರಿನ ಕಿರಾಣಿ ಅಂಗಡಿಯಲ್ಲಿ ಕುಳಿತವರ ಚರಿತ್ರೆಯನ್ನು ಯಾರೂ ಬರೆಯಲಿಲ್ಲ. ಉಮೇದುವಾರಿಯನ್ನು ಹೊಗಳುವವರು ಅದರ ನೆಪದಲ್ಲಿ ಬಡವರ ಮಕ್ಕಳ ಬೆವರನ್ನು ಪುಕ್ಕಟೆ ಪಡೆದವರೂ ಇದ್ದರೆಂಬುದನ್ನು ನೆನೆಯಬೇಕು. ಶಾಂತಾರಾಮನಿಗೆ ಹಗಲಿನ ಕಾರಖಾನೆಯ ಕೂಲಿ ಇದ್ದಿತು; ಸಂಜೆಯ ವಿದ್ಯೆಯನ್ನು ಹಗಲಿನ ಅನ್ನವು ಸಾಕಿತು. ಮಗನನ್ನು ಈ ದಾರಿಗೆ ಕಳಿಸಲೋ ಬೇಡವೋ ಎಂದು ತೂಗುವ ಗೃಹಸ್ಥರು ಮೊದಲು ನೋಡಬೇಕಾದುದು ಇದನ್ನೇ.

ನಮ್ಮ ಸೀಮೆಯವರ ಮನಸ್ಸನ್ನು ಚುಚ್ಚುವ ಮಾತು ಇನ್ನೊಂದುಂಟು. ಹುಡುಗನು ಕಲಿತದ್ದು ಹುಬ್ಬಳ್ಳಿಯಲ್ಲಿ, ಬೆಳೆದದ್ದು ಕೊಲ್ಹಾಪುರದಲ್ಲಿ, ಹೀಗೇಕಾಯಿತು? ಹುಬ್ಬಳ್ಳಿಯಲ್ಲಿ ನೋಡುವವರಿದ್ದರು, ತೋರಿಸುವವರಿದ್ದರು, ಹಣವೂ ಇದ್ದಿತು. ಮಾಡುವ ಶಾಲೆಯೊಂದೇ ಇರಲಿಲ್ಲ. ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರ ಕಾಲದಿಂದ ಕಲಾವಿದರಿಗೆ ಆಶ್ರಯವಿದ್ದಿತು. ಪೇಂಟರರ ಕಂಪನಿಗೆ ಹಣ ಕೊಟ್ಟವರು ತಾನಿಬಾಯಿ ಕಾಗಲಕರ ಎಂಬ ಗಾಯಕಿ. ಒಬ್ಬ ಹಾಡುಗಾರ್ತಿಯ ಗಳಿಕೆಯು ಮಾಡಿದ ಕೆಲಸವನ್ನು ನಮ್ಮ ಹತ್ತಿಯ ಪೇಟೆಯ ಲಕ್ಷ್ಮಿ ಮಾಡಲಿಲ್ಲ. ಪರಿಣಾಮವೇನೆಂದರೆ ಕನ್ನಡದ ಮೊದಲನೆಯ ವಾಕ್ಚಿತ್ರವಾದ ‘ಸತಿ ಸುಲೋಚನಾ’ ೧೯೩೪ರ ಮಾರ್ಚ್ ೩ರಂದು ತೆರೆ ಕಂಡಿತಾದರೂ ಅದರ ಚಿತ್ರೀಕರಣವಾದದ್ದು ಕೊಲ್ಹಾಪುರದಲ್ಲಿ. ಹುಬ್ಬಳ್ಳಿಯ ಮಗ್ಗುಲಿನ ಅದರಗುಂಚಿಯಲ್ಲಿ ಹುಟ್ಟಿದ ಶಾಂತಾ ಹುಬಳೀಕರರು ತಮ್ಮ ಊರಿನ ಹೆಸರನ್ನೇ ಅಡ್ಡಹೆಸರಾಗಿ ಧರಿಸಿ, ೧೯೩೯ರಲ್ಲಿ ಶಾಂತಾರಾಮರ ‘ಮಾಣೂಸ’ದಲ್ಲಿ ನಟಿಸಿ ಹಾಡಿ ಮರಾಠಿಗರ ಮನೆಮಾತಾದರು. ಕನ್ನಡದ ತೆರೆಯ ಮೇಲೆ ಅವರು ಗುಬ್ಬಿ ವೀರಣ್ಣನವರೊಡನೆ ಕಾಣಿಸಿಕೊಂಡದ್ದು ಅನಂತರ, ೧೯೪೨ರ ‘ಜೀವನ ನಾಟಕ’ದಲ್ಲಿ.

ಇಂದು ನರಗುಂದದ ಗುಡ್ಡದ ಬುಡದಲ್ಲಿ ನಿಂತ ಹುಡುಗನ ಕಿಸೆಯಲ್ಲಿಯೇ ಛಾಯಾಯಂತ್ರವಿದೆ. ಪೇಂಟರರು ವರ್ಷಗಟ್ಟಲೆ ಹೆಣಗಿ ಮಾಡಿದ ಯಂತ್ರಕ್ಕಿಂತ ಅದು ಚುರುಕಾದುದು. ೧೮೫೮ರ ಬಾಬಾಸಾಹೇಬನ ಬಂಡಾಯ, ೧೯೮೦ರ ರೈತರ ಬಂಡಾಯ, ಗಜೇಂದ್ರಗಡದ ನೇಕಾರರ ಮಗ್ಗಗಳು, ಕಾಲಕಾಲೇಶ್ವರನ ಬೆಟ್ಟ—ಕಥಾವಸ್ತುವಿಗೂ ಬರಗಾಲವಿಲ್ಲ. ಮಾಡಿದುದನ್ನು ಲೋಕಕ್ಕೆ ತೋರಿಸಲು ಭಿತ್ತಿಪತ್ರದ ಗೋಡೆಯೂ ಬೇಕಿಲ್ಲ. ಕಡಿಮೆಯಾಗಿರುವದು ಮೂರನೆಯ ದಿನವೂ ಅದೇ ಚಿತ್ರವನ್ನು ಬಾಗಿಲಲ್ಲಿ ನಿಂತು ನೋಡುವ ತಾಳ್ಮೆ. ಹಾಗೆ ನಿಲ್ಲುವವನಿಗೆ ಹಗಲಿನ ಅನ್ನ.

ಶಾಂತಾರಾಮರು ೧೯೪೨ರಲ್ಲಿ ಪ್ರಭಾತವನ್ನು ಬಿಟ್ಟು ಮುಂಬಯಿಯಲ್ಲಿ ರಾಜಕಮಲ ಕಲಾಮಂದಿರವನ್ನು ಕಟ್ಟಿದರು. ೧೯೮೫ನೆಯ ಸಾಲಿನಲ್ಲಿ ಅವರಿಗೆ ಸಂದ ದೇಶದ ಅತ್ಯುನ್ನತ ಚಿತ್ರಪಟ ಪ್ರಶಸ್ತಿಯು ಫಾಲ್ಕೆಯವರ ಹೆಸರಿನದೇ. ೨೦೦೮ನೆಯ ಸಾಲಿನಲ್ಲಿ ಅದೇ ಪ್ರಶಸ್ತಿಯು ಮೂರ್ತಿಯವರಿಗೂ ಬಂದಿತು. ಪುಣೆಯಲ್ಲಿ ಪ್ರಭಾತದ ಜಾಗವನ್ನು ಭಾರತ ಸರಕಾರವು ತೆಗೆದುಕೊಂಡು ೧೯೬೦ರಲ್ಲಿ ಅಲ್ಲಿ ಚಿತ್ರಪಟವಿದ್ಯೆಯ ರಾಷ್ಟ್ರೀಯ ಶಾಲೆಯನ್ನು ತೆರೆಯಿತು. ಧಾರವಾಡದಲ್ಲಿ ಓದಿ ಬೆಳೆದ ಗಿರೀಶ ಕಾರ್ನಾಡರು ೧೯೭೪-೭೫ರಲ್ಲಿ ಆ ಶಾಲೆಯ ನಿರ್ದೇಶಕರ ಪೀಠದಲ್ಲಿದ್ದರು. ತೀರ್ಥಹಳ್ಳಿಯ ಕಡೆಯ ಗಿರೀಶ ಕಾಸರವಳ್ಳಿಯವರು ಅದೇ ವೇಳೆಗೆ ಅಲ್ಲಿ ವಿದ್ಯಾರ್ಥಿಯಾಗಿದ್ದು, ೧೯೭೫ರಲ್ಲಿ ಚಿನ್ನದ ಪದಕದೊಡನೆ ಹೊರಬಂದರು. ಅವರ ವಿದ್ಯಾರ್ಥಿಚಿತ್ರ ‘ಅವಶೇಷ’ಕ್ಕೆ ರಾಷ್ಟ್ರಪ್ರಶಸ್ತಿ ದೊರೆಯಿತು. ಅಂಥವರೂ ಬಾಲ್ಯದಲ್ಲಿ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದ್ದ ಬಿ. ವಿ. ಕಾರಂತರ ಕೈಕೆಳಗೆ ‘ಚೋಮನ ದುಡಿ’ಯಲ್ಲಿ ಸಹಾಯಕರಾಗಿ ದುಡಿದರು, ತಮ್ಮದೇ ಆದ ‘ಘಟಶ್ರಾದ್ಧ’ವನ್ನು ಹೊರತಂದದ್ದು ೧೯೭೭ರಲ್ಲಿ.